ಅಳಿವೆಯ ನೀರಿಗಿಳಿದು ಗಾಳ ಹಾಕಲು ಎಷ್ಟು ಪೌಂಡಿನ ದಾರ? ದಾವಣಗೆರೆಯಲ್ಲಿ ಕೊಂಡು ಕರಾವಳಿಗೆ ಹೋಗುವವರಿಗೆ ಒಂದು ವಿಮರ್ಶೆ

ಒಂದೇ ಒಂದು ಸ್ಪೂಲ್ (ದಾರದ ಉರುಳೆ) ಕೊಳ್ಳುವುದಾದರೆ 20 ಪೌಂಡಿನ ಬ್ರೇಡ್, ಅಂದರೆ ಹಲವು ಎಳೆ ಹೆಣೆದ ದಾರ ಕೊಳ್ಳಿ. ಪೌಂಡ್ ಎಂದರೆ ದಾರ ಹರಿಯದೆ ತಡೆಯುವ ಎಳೆತ. ಅದರ ತುದಿಗೆ 20ರಿಂದ 30 ಪೌಂಡಿನ ಫ್ಲೋರೋಕಾರ್ಬನ್ ಲೀಡರ್ (ಉಜ್ಜಾಟ ತಡೆಯುವ ತುದಿಯ ತುಂಡು) ಒಂದು ಮೀಟರ್ ಕಟ್ಟಿ. ಹೊನ್ನಾವರ, ಕುಮಟಾ, ಕುಂದಾಪುರದ ಅಳಿವೆಗಳಲ್ಲಿ ಸೊಂಟದ ಮಟ್ಟದ ನೀರಿನಲ್ಲಿ ನಿಂತು ಲೂರ್ (ನಕಲಿ ಎರೆ) ಎಸೆಯುವವರಿಗೆ ಇಷ್ಟು ಸಾಕು. ಇನ್ನು ಮುಂದಿನದೆಲ್ಲ ಈ ತೀರ್ಪು ಯಾಕೆ, ಯಾವಾಗ ಇದನ್ನು ಬಿಟ್ಟು 10ಕ್ಕೋ 30ಕ್ಕೋ ಹೋಗಬೇಕು, ಅಂಗಡಿಯಲ್ಲಿ ಏನು ನೋಡಬೇಕು ಎಂಬ ಲೆಕ್ಕ.

ದಾವಣಗೆರೆ, ಹರಿಹರ, ಚನ್ನಗಿರಿ ಕಡೆಯಿಂದ ಘಟ್ಟ ಇಳಿದು ಹೋಗುವವರು ಸಾಮಾನ್ಯವಾಗಿ ಎರಡರಲ್ಲೊಂದು ಮಾಡುತ್ತಾರೆ. ಸೂಳೆಕೆರೆಯಲ್ಲಿ ಕಾಟ್ಲಾ, ರೋಹುಗೆ ಹಾಕುತ್ತಿದ್ದ ದಪ್ಪ ತಂಗೂಸಿಯನ್ನೇ (ಒಂದೇ ಎಳೆಯ ನೈಲಾನ್ ದಾರ) ರೀಲಿನಲ್ಲಿಟ್ಟುಕೊಂಡು ಹೊರಡುತ್ತಾರೆ. ಇಲ್ಲವೇ ಸಮುದ್ರದ ಮೀನಿಗೆ ಬಲ ಜಾಸ್ತಿ ಎಂದು 40, 50 ಪೌಂಡಿನ ಬ್ರೇಡ್ ಸುತ್ತಿಸಿಕೊಳ್ಳುತ್ತಾರೆ. ಮೊದಲನೆಯವರ ಲೂರ್ ಮೀನಿರುವ ಜಾಗದವರೆಗೆ ಹೋಗುವುದೇ ಇಲ್ಲ. ಎರಡನೆಯವರ ದಾರದ ಅರ್ಧ ಬಲ ಯಾವತ್ತೂ ಬಳಕೆಗೆ ಬರುವುದಿಲ್ಲ, ಸಿಕ್ಕಿಬಿದ್ದ ದಿನ ಮಾತ್ರ ತೊಂದರೆ ಕೊಡುತ್ತದೆ.

ಇಲ್ಲಿ ಮುಖ್ಯವಾಗಿ ತೂಗಿ ನೋಡುತ್ತಿರುವುದು ಪವರ್‌ಪ್ರೋ ಬ್ರೇಡಿನ 10, 15, 20 ಮತ್ತು 30 ಪೌಂಡಿನ ದಾರಗಳನ್ನು. ಹೋಲಿಕೆಗೆ ಬರ್ಕ್ಲಿ ಟ್ರೈಲೀನ್ ಬಿಗ್ ಗೇಮ್ ನೈಲಾನ್. ಪವರ್‌ಪ್ರೋವನ್ನು ಅಳತೆಗೋಲಾಗಿ ಹಿಡಿಯಲು ಕಾರಣ, ಅದರ ಪ್ಯಾಕೆಟ್ಟಿನ ಮೇಲೆ ಪೌಂಡು, ದಪ್ಪ, ಅಷ್ಟೇ ದಪ್ಪದ ನೈಲಾನಿನ ಬಲ ಮೂರನ್ನೂ ಕೊಟ್ಟಿರುತ್ತಾರೆ. 10 ಪೌಂಡಿನದು 0.15 ಮಿ.ಮೀ., 15ರದು 0.19, 20ರದು 0.23, 30ರದು 0.28. ಬಿಗ್ ಗೇಮ್ ನೈಲಾನ್ 10 ಪೌಂಡಿಗೆ ಸುಮಾರು 0.30, 15ಕ್ಕೆ 0.38, 20ಕ್ಕೆ 0.46 ಮಿ.ಮೀ. ಒಂದು ಪೌಂಡ್ ಅಂದರೆ 0.45 ಕೆ.ಜಿ., ಹಾಗಾಗಿ 10 ಪೌಂಡ್ ನಾಲ್ಕೂವರೆ ಕೆ.ಜಿ., 20 ಪೌಂಡ್ ಒಂಬತ್ತು, 30 ಪೌಂಡ್ ಹದಿಮೂರೂವರೆ.

ಸ್ಪೂಲಿನಲ್ಲಿ ಎಷ್ಟು ದಾರ ಹಿಡಿಯುತ್ತದೆ ಎನ್ನುವುದು ದಪ್ಪದ ವರ್ಗದ (ದಪ್ಪ × ದಪ್ಪ) ಲೆಕ್ಕದಲ್ಲಿ ನಡೆಯುತ್ತದೆ. 20 ಪೌಂಡಿನ ಬ್ರೇಡ್ 150 ಮೀಟರ್ ಹಿಡಿಯುವ ಸ್ಪೂಲಿನಲ್ಲಿ 30ರದು 100 ಮೀಟರ್ ಮಾತ್ರ ಹಿಡಿಯುತ್ತದೆ. 20 ಪೌಂಡಿನ ನೈಲಾನ್ ಸರಿಯಾಗಿ ಎರಡರಷ್ಟು ದಪ್ಪ, ಆದ್ದರಿಂದ ಜಾಗ ನಾಲ್ಕರಷ್ಟು ಬೇಕು: ಅದೇ ಸ್ಪೂಲಿಗೆ 37 ಮೀಟರ್. ಒಳ್ಳೆಯ ಎಸೆತವೇ 40, 50 ಮೀಟರ್ ಹೋಗುತ್ತದೆ ಎಂದಮೇಲೆ ಮೀನು ಓಡಲು ದಾರವೆಲ್ಲಿ? 3000 ಸೈಜಿನ (ಮಧ್ಯಮ ಗಾತ್ರದ) ರೀಲಿಗೆ 20 ಪೌಂಡಿನ ತಂಗೂಸಿ ಹಾಕಬೇಡಿ ಎನ್ನುವುದಕ್ಕೆ ಇದೊಂದೇ ಕಾರಣ ಸಾಕು.

ನೀರಿಗಿಳಿದು ನಿಂತವರಿಗೆ ತೆಳು ದಾರ ಇನ್ನೊಂದು ಕಾರಣಕ್ಕೂ ಬೇಕು. ದಂಡೆಯ ಮೇಲೋ ದೋಣಿಯಲ್ಲೋ ನಿಂತಾಗ ರಾಡಿನ ತುದಿ ನೀರಿನಿಂದ ಎತ್ತರದಲ್ಲಿರುತ್ತದೆ. ಸೊಂಟದವರೆಗೆ ನೀರಿದ್ದರೆ ಆ ಎತ್ತರ ಒಂದು ಮೀಟರಿನಷ್ಟು ಕಡಿಮೆಯಾಯಿತು. ಎಸೆತ ಚಪ್ಪಟೆಯಾಗುತ್ತದೆ, ಲೂರ್ ಬೇಗ ನೀರಿಗೆ ಬೀಳುತ್ತದೆ. ಬಳಸುವ ಲೂರ್‌ಗಳೂ 7ರಿಂದ 20 ಗ್ರಾಂ ತೂಕದವು. ಮಧ್ಯಾಹ್ನದ ಮೇಲೆ ಕಡಲ ಗಾಳಿ ಎದುರಿಗೆ ಬೀಸತೊಡಗಿದರೆ 0.46 ಮಿ.ಮೀ. ದಾರ ಗಾಳಿಯಲ್ಲಿ ಬಿಲ್ಲಿನಂತೆ ಬಾಗಿ ಲೂರನ್ನು ಹಿಂದಕ್ಕೆ ಹಿಡಿಯುತ್ತದೆ. ಅಳಿವೆಯಲ್ಲಿ ಭರತ ಇಳಿತದ ಸೆಳೆತ ಇದ್ದಾಗಲೂ ಅಷ್ಟೇ. ದಪ್ಪ ದಾರವನ್ನು ನೀರು ಎಳೆದೊಯ್ಯುತ್ತದೆ, ಲೂರ್ ತಳ ಮುಟ್ಟುವುದಿಲ್ಲ.

ಹಾಗಿದ್ದರೆ ಎಲ್ಲಕ್ಕಿಂತ ತೆಳುವಾದ 10 ಪೌಂಡೇ ಯಾಕೆ ಬೇಡ? ಇಂಟರ್ನೆಟ್ಟಿನಲ್ಲಿ ಸಿಗುವ ಸಲಹೆಯಲ್ಲಿ ಬಹುಪಾಲು 10ರಿಂದ 15 ಪೌಂಡ್ ಎಂದೇ ಹೇಳುತ್ತದೆ. ಆ ಸಲಹೆ ತಪ್ಪಲ್ಲ, ಆದರೆ ಅದು ಟೆಕ್ಸಾಸಿನ ಲಗೂನಾ ಮಾದ್ರೆಯಂಥ ಜಾಗದ್ದು. ಅಲ್ಲಿ ಮೈಲಿಗಟ್ಟಲೆ ಆಳವಿಲ್ಲದ ನೀರು, ತಳದಲ್ಲಿ ಹುಲ್ಲು ಮತ್ತು ಮರಳು. ಸಿಗುವುದು ರೆಡ್‌ಫಿಶ್, ಸ್ಪೆಕಲ್ಡ್ ಟ್ರೌಟ್. ಮೀನು 80 ಮೀಟರ್ ಓಡಿದರೂ ದಾರಕ್ಕೆ ತಾಗುವಂಥದ್ದು ಹೆಚ್ಚೇನಿಲ್ಲ, ಓಡಿ ಸುಸ್ತಾಗಲಿ ಎಂದು ಬಿಟ್ಟುಬಿಡಬಹುದು. ಶರಾವತಿ, ಅಘನಾಶಿನಿಯ ಅಳಿವೆಗಳ ಚಹರೆಯೇ ಬೇರೆ. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬೇರು, ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳ ಕಲ್ಲುಕಟ್ಟೆ, ಸಿಂಪಿ ಅಂಟಿದ ಕಂಬಗಳು, ಹಳೆಯ ಬಲೆಯ ಚೂರು. ಇಲ್ಲಿ ಬಾರಮಂಡಿ, ಮ್ಯಾಂಗ್ರೋವ್ ಜಾಕ್ ಎರಡೂ ಕಚ್ಚಿದ ಕೂಡಲೇ ಬೇರಿನ ಒಳಗೆ ನುಗ್ಗುತ್ತವೆ. ಮೊದಲ ಮೂರು ನಾಲ್ಕು ಮೀಟರಿನಲ್ಲೇ ತಡೆಯಬೇಕು, ತಡೆಯಲು ಡ್ರ್ಯಾಗ್, ಅಂದರೆ ಮೀನು ಎಳೆದಾಗ ಹದವಾಗಿ ದಾರ ಬಿಡುವ ರೀಲಿನ ಬ್ರೇಕು, ಬಿಗಿಯಿರಬೇಕು.

ಡ್ರ್ಯಾಗ್ ಎಷ್ಟು ಬಿಗಿ ಇಡಬಹುದು ಎನ್ನುವುದನ್ನು ತೀರ್ಮಾನಿಸುವುದು ಪ್ಯಾಕೆಟ್ಟಿನ ಮೇಲಿನ ಅಂಕಿಯಲ್ಲ, ಇಡೀ ಸರಣಿಯ ಅತಿ ದುರ್ಬಲ ಜಾಗ. ಅದು ಯಾವಾಗಲೂ ಗಂಟು. ಹದವಾಗಿ ಕಟ್ಟಿದ ಗಂಟು ದಾರದ ಬಲದ ಶೇ. 80ರಷ್ಟು ಉಳಿಸಿಕೊಂಡಿತು ಎಂದಿಟ್ಟುಕೊಳ್ಳಿ. 20 ಪೌಂಡಿನ ಲೀಡರ್ ಇದ್ದರೆ ನಿಜವಾದ ಬಲ ಒಂಬತ್ತು ಕೆ.ಜಿ. ಅಲ್ಲ, ಏಳು ಚಿಲ್ಲರೆ. ಅದರ ಕಾಲು ಭಾಗದಿಂದ ಮೂರನೇ ಒಂದು ಭಾಗ ಡ್ರ್ಯಾಗ್, ಅಂದರೆ ಹತ್ತಿರ ಹತ್ತಿರ 2 ಕೆ.ಜಿ. ಇದೇ ಲೆಕ್ಕ 10 ಪೌಂಡಿಗೆ ಹಾಕಿದರೆ 1 ಕೆ.ಜಿ. ಬರುತ್ತದೆ. ಒಂದು ಕೆ.ಜಿ. ಡ್ರ್ಯಾಗಿಗೆ ಕಾಂಡ್ಲಾ ಬೇರಿನ ಪಕ್ಕ ಕಚ್ಚಿದ ಜಾಕ್ ನಿಲ್ಲುವುದಿಲ್ಲ. ತೆರೆದ ಮರಳಿನ ಮೇಲೆ ಕಾಣೆ ಮೀನು, ಸಣ್ಣ ಟ್ರೆವಲ್ಲಿ ಹುಡುಕುವವರಿಗಾದರೆ ಅದೇ ಒಂದು ಕೆ.ಜಿ. ಧಾರಾಳ. ಅಂಥವರಿಗೆ 10 ಪೌಂಡೇ ಉತ್ತಮ, 5 ಗ್ರಾಮಿನ ಜಿಗ್ (ಭಾರ ಸೇರಿಸಿದ ಸಣ್ಣ ಲೂರ್) ಕೂಡ ದೂರ ಹೋಗುತ್ತದೆ.

ಡ್ರ್ಯಾಗನ್ನು ಕೈಯಿಂದ ಎಳೆದು ಅಂದಾಜು ಮಾಡಬೇಡಿ. ಲಗೇಜ್ ತೂಗುವ ಡಿಜಿಟಲ್ ತಕ್ಕಡಿ ಎಲ್ಲಾ ಕಡೆ ಸಿಗುತ್ತದೆ. ದಾರವನ್ನು ಗೈಡ್‌ಗಳ (ರಾಡಿನ ಮೇಲಿನ ಉಂಗುರಗಳ) ಮೂಲಕ ಪೂರ್ತಿ ಹಾಯಿಸಿ, ತುದಿಯನ್ನು ತಕ್ಕಡಿಯ ಕೊಕ್ಕೆಗೆ ಕಟ್ಟಿ, ರಾಡನ್ನು 45 ಡಿಗ್ರಿ ಎತ್ತಿ ಹಿಡಿದು ನಿಧಾನವಾಗಿ ಹಿಂದಕ್ಕೆ ಹೋಗಿ. ಸ್ಪೂಲ್ ತಿರುಗಲು ಶುರುವಾದಾಗ ಕಾಣುವ ಅಂಕಿಯೇ ನಿಮ್ಮ ಡ್ರ್ಯಾಗ್. ಮೀನು ದಾರ ಎಳೆದುಕೊಂಡು ಹೋದಂತೆ ಸ್ಪೂಲಿನ ಮೇಲಿನ ಸುತ್ತು ಕಿರಿದಾಗುತ್ತದೆ, ಡ್ರ್ಯಾಗ್ ತಾನಾಗಿಯೇ ಬಿಗಿಯಾಗುತ್ತದೆ. ಸುತ್ತಿನ ಅಗಲ ಅರ್ಧವಾದರೆ ಎಳೆತ ಎರಡರಷ್ಟು. ದೊಡ್ಡ ಮೀನು ದೂರ ಓಡಿದಾಗ ನಾಬ್ ಇನ್ನಷ್ಟು ಬಿಗಿ ಮಾಡುವವರ ದಾರ ಹರಿಯುವುದು ಇದೇ ಕಾರಣಕ್ಕೆ. ಆಗ ಸಡಿಲಿಸಬೇಕು.

30 ಪೌಂಡಿನ ಬ್ರೇಡ್ ಕೆಟ್ಟ ದಾರವಲ್ಲ. ಆದರೆ ಏಳಡಿಯ, 8ರಿಂದ 17 ಪೌಂಡಿಗೆಂದು ಮಾಡಿದ ರಾಡಿಗೆ ಅದು ದಂಡ. ರಾಡು ಬಾಗಿರುವಾಗ ತೋಳು 3, 4 ಕೆ.ಜಿ.ಗಿಂತ ಹೆಚ್ಚು ಎಳೆಯುವುದು ಕಷ್ಟ, ಹದಿಮೂರೂವರೆ ಕೆ.ಜಿ. ಬಲ ಅಲ್ಲೇ ಉಳಿಯುತ್ತದೆ. ಲೂರ್ ತಳದ ಕಲ್ಲಿಗೆ ಸಿಕ್ಕಿಬಿದ್ದಾಗ ಆ ಬಲ ನಿಮ್ಮ ಮೇಲೆ ತಿರುಗುತ್ತದೆ. ಸೊಂಟದ ನೀರಿನಲ್ಲಿ, ಇಳಿತದ ಸೆಳೆತದಲ್ಲಿ, ಮರಳು ಕಾಲಡಿಯಿಂದ ಜಾರುತ್ತಿರುವಾಗ ಅದನ್ನು ಹರಿಯುವುದು ಸುಲಭವಲ್ಲ. ಆಯ ತಪ್ಪುವುದು ಸುಲಭ. ಬಂಡೆಗಳ ನಡುವೆ, ಸೇತುವೆಯ ಕಂಬಗಳ ಪಕ್ಕದಲ್ಲಿ, ಗಟ್ಟಿ ರಾಡ್ ಮತ್ತು 4000 ರೀಲಿನೊಂದಿಗೆ 30 ಪೌಂಡ್ ಸರಿ. ಮರಳಿನ ಮೇಲೆ ನಡೆದಾಡುತ್ತ ಎಸೆಯುವವರಿಗೆ ಬೇಡ.

15 ಮತ್ತು 20ರ ನಡುವೆ ಆಯ್ಕೆ ಕೂದಲೆಳೆಯದು. ಎಸೆತದಲ್ಲಿ 15 ಸ್ವಲ್ಪ ಮುಂದೆ. ಆದರೆ ಬ್ರೇಡ್ ಸವೆಯುವುದು ಒಂದೊಂದೇ ಎಳೆ ಹರಿಯುತ್ತ. 0.19 ಮಿ.ಮೀ. ದಾರ ಒಮ್ಮೆ ಸಿಂಪಿಗೆ ಉಜ್ಜಿದರೆ ಉಳಿಯುವುದು ಅಷ್ಟಕ್ಕಷ್ಟೇ, 0.23ಕ್ಕೆ ಇನ್ನೊಂದು ಅವಕಾಶ ಸಿಗುತ್ತದೆ. ನಮ್ಮ ಅಳಿವೆಗಳಿಗೆ ಆ ಅವಕಾಶದ ಬೆಲೆ ಮೂರು ಮೀಟರ್ ಎಸೆತಕ್ಕಿಂತ ಹೆಚ್ಚು.

ಬ್ರ್ಯಾಂಡುಗಳ ಮಾತಿಗೆ ಬಂದರೆ, ಪವರ್‌ಪ್ರೋದ ಸಾದಾ ದಾರ ನಾಲ್ಕು ಎಳೆಗಳ ಹೆಣಿಗೆ. ಮೈ ಸ್ವಲ್ಪ ಒರಟು, ಗೈಡಿನಲ್ಲಿ ಸಣ್ಣಗೆ ಸದ್ದು ಮಾಡುತ್ತದೆ. ಎಳೆಗಳು ದಪ್ಪವಾದ್ದರಿಂದ ಉಜ್ಜಾಟ ತಡೆದುಕೊಳ್ಳುತ್ತದೆ. ಡೈವಾ ಜೆ-ಬ್ರೇಡ್ ಎಕ್ಸ್8 ಎಂಟು ಎಳೆಯದು, ನುಣುಪು, ಎಸೆತಕ್ಕೆ ಹಿತ, ಗಂಟಿಗೆ ಎರಡು ಸುತ್ತು ಹೆಚ್ಚು ಹಾಕಬೇಕು. ಸುಫಿಕ್ಸ್ 832ರಲ್ಲಿ ಏಳು ಡೈನೀಮಾ (ಗಟ್ಟಿ ಪಾಲಿಥಿಲೀನ್) ಎಳೆಗಳ ಜೊತೆ ಗೋರ್ ಕಂಪನಿಯ ಒಂದು ಎಳೆ ಇದೆ, ಇಂಚಿಗೆ 32 ಹೆಣಿಗೆ, ಹೆಸರು ಬಂದದ್ದೇ ಹಾಗೆ. ನುಣುಪು ಮತ್ತು ಗಟ್ಟಿತನ ಎರಡೂ ಬೇಕೆನ್ನುವವರಿಗೆ ಅದು. ಸಿಂಪಿ, ಕಲ್ಲು ಹೆಚ್ಚಿರುವ ಕಡೆ ನಾಲ್ಕು ಎಳೆಯದು, ಬರೀ ಮರಳಾದರೆ ಎಂಟು ಎಳೆಯದು. ಜಪಾನಿ ಪ್ಯಾಕೆಟ್‌ಗಳಲ್ಲಿ ಪೌಂಡಿನ ಜೊತೆ ಪಿಇ ಸಂಖ್ಯೆ ಇರುತ್ತದೆ. ಅದು ದಪ್ಪದ ಅಳತೆ: ಪಿಇ 1 ಅಂದರೆ 200 ಡೀನಿಯರ್, ಸುಮಾರು 0.165 ಮಿ.ಮೀ.; ಪಿಇ 2 ಅಂದರೆ 400 ಡೀನಿಯರ್, ಸುಮಾರು 0.235. ನಮಗೆ ಬೇಕಾದ್ದು ಒಂದೂವರೆಯಿಂದ ಎರಡರ ಒಳಗೆ.

ಈ ಸಂಖ್ಯೆ ಗೊತ್ತಿದ್ದರೆ ಅಗ್ಗದ ದಾರದ ಮೋಸವನ್ನೂ ಹಿಡಿಯಬಹುದು. ಹೆಸರಿಲ್ಲದ ಸ್ಪೂಲುಗಳ ಮೇಲೆ 0.12 ಮಿ.ಮೀ., 30 ಪೌಂಡ್ ಎಂದು ಬರೆದಿರುತ್ತದೆ. ಆ ದಪ್ಪಕ್ಕೆ ಆ ಬಲ ಬರುವುದಿಲ್ಲ, ಒಂದೋ ದಪ್ಪ ಸುಳ್ಳು ಇಲ್ಲವೇ ಬಲ ಸುಳ್ಳು. ಪೆನ್ಸಿಲಿಗೆ 20 ಸುತ್ತು ಒತ್ತೊತ್ತಾಗಿ, ಒಂದರ ಮೇಲೊಂದು ಏರದಂತೆ ಸುತ್ತಿ, ಅಗಲವನ್ನು ಸ್ಕೇಲಿನಲ್ಲಿ ಅಳೆಯಿರಿ. 4.6 ಮಿ.ಮೀ. ಬಂದರೆ 0.23 ಸರಿ. ವರ್ನಿಯರ್ (ದಪ್ಪ ಅಳೆಯುವ ಇಕ್ಕಳ) ಬ್ರೇಡನ್ನು ಅಪ್ಪಚ್ಚಿ ಮಾಡಿ ಕಡಿಮೆ ತೋರಿಸುತ್ತದೆ. ಉದ್ದದ ಮೋಸವೂ ಇದೆ. ಡೀನಿಯರ್ ಎಂದರೆ 9000 ಮೀಟರ್ ದಾರದ ಗ್ರಾಂ ತೂಕ. ಹಾಗಾಗಿ 300 ಮೀಟರ್ ಪಿಇ 2 ದಾರ ಸುಮಾರು 13 ಗ್ರಾಂ ತೂಗಬೇಕು, ಮೇಲಿನ ಲೇಪದ್ದು ಸ್ವಲ್ಪ ಸೇರುತ್ತದೆ. ರೀಲಿಗೆ ಸುತ್ತುವ ಮೊದಲು ತುಂಬಿದ ಸ್ಪೂಲನ್ನು, ಸುತ್ತಿದ ಮೇಲೆ ಖಾಲಿ ಸ್ಪೂಲನ್ನು ಚಿನ್ನ ತೂಗುವ ತಕ್ಕಡಿಯಲ್ಲಿಟ್ಟರೆ ಗೊತ್ತಾಗಿಬಿಡುತ್ತದೆ. ಅಂಗಡಿಯವರು ನಗಬಹುದು, ನಗಲಿ.

ನೈಲಾನ್ ತಂಗೂಸಿಯನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಅಗ್ಗ, ಗಂಟು ಸುಲಭ, ಕಲ್ಲಿಗೆ ಉಜ್ಜಿದರೂ ತಡೆಯುತ್ತದೆ, ಹಿಗ್ಗುವುದರಿಂದ ಮೀನು ತಲೆ ಒದರಿದಾಗ ಗಾಳ ಕಳಚುವುದಿಲ್ಲ. ಜೀವಂತ ಸೀಗಡಿ ಕಟ್ಟಿ ಒಂದೇ ಕಡೆ ನಿಲ್ಲುವವರಿಗೆ 10ರಿಂದ 15 ಪೌಂಡಿನ ತಂಗೂಸಿ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಬಯಲುಸೀಮೆಯವರು ನೆನಪಿಡಬೇಕಾದ್ದೊಂದಿದೆ. ನೈಲಾನ್ ನೀರು ಕುಡಿಯುತ್ತದೆ, ಕುಡಿದ ಮೇಲೆ ಬಲ ಕುಂದುತ್ತದೆ, ಶೇ. 10, ಕೆಲವೊಮ್ಮೆ ಅದಕ್ಕೂ ಹೆಚ್ಚು. ದಾವಣಗೆರೆಯ ಏಪ್ರಿಲ್ ತಿಂಗಳ ಒಣ ಹವೆಯಲ್ಲಿ ಮನೆಯಲ್ಲಿ ಎಳೆದು ನೋಡಿದ ಬಲ ಹೊನ್ನಾವರದ ನೀರಿನಲ್ಲಿ ಸಿಗುವುದಿಲ್ಲ. ಪಾಲಿಥಿಲೀನಿನಿಂದ ಮಾಡಿದ ಬ್ರೇಡಿಗೆ ಈ ತಾಪತ್ರಯವಿಲ್ಲ, ಒದ್ದೆಯಾದರೂ ಅಷ್ಟೇ ಬಲ.

ಆದ್ದರಿಂದ ಪರೀಕ್ಷೆ ಮಾಡುವುದಾದರೆ ಒದ್ದೆ ಮಾಡಿಯೇ ಮಾಡಿ. ಒಂದೊಂದು ಮೀಟರಿನ ಐದು ತುಂಡು ಕತ್ತರಿಸಿ ಎರಡು ಗಂಟೆ ಬಕೆಟ್ ನೀರಿನಲ್ಲಿಡಿ. ಒಂದು ತುದಿಯನ್ನು ಗಂಟು ಹಾಕದೆ ಗಟ್ಟಿಯಾಗಿ ಕಟ್ಟಿದ ಪಿವಿಸಿ ಪೈಪಿಗೆ ಏಳೆಂಟು ಸುತ್ತು ಸುತ್ತಿ ಟೇಪ್ ಹಚ್ಚಿ. ಇನ್ನೊಂದನ್ನು ಹಾಗೆಯೇ ಇನ್ನೊಂದು ಪೈಪ್ ತುಂಡಿಗೆ ಸುತ್ತಿ, ಆ ತುಂಡನ್ನು ತಕ್ಕಡಿಗೆ ಸಿಕ್ಕಿಸಿ. ಜಗ್ಗದೆ ಒಂದೇ ಸಮನೆ ಎಳೆಯಿರಿ. ಮಧ್ಯದಲ್ಲಿ ಹರಿದದ್ದನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ, ಪೈಪಿನ ಅಂಚಿನಲ್ಲಿ ಹರಿದದ್ದನ್ನು ಬಿಡಿ. ಆಮೇಲೆ ಲೀಡರ್ ಗಂಟು ಕಟ್ಟಿ ಅದೇ ಪರೀಕ್ಷೆ. ಎರಡು ಅಂಕಿಗಳ ನಡುವಿನ ಅಂತರ ನಿಮ್ಮ ಕೈಯ ಗಂಟಿನ ಗುಣ. ಹತ್ತರಲ್ಲಿ ಏಳಕ್ಕಿಂತ ಕಡಿಮೆ ಉಳಿದರೆ ದಾರ ಬದಲಿಸಿ ಪ್ರಯೋಜನವಿಲ್ಲ, ಗಂಟು ಕಲಿಯಬೇಕು. ಕಣ್ಣಿಗೆ ಕನ್ನಡಕ ಇರಲಿ, ಹರಿದ ದಾರ ಮುಖಕ್ಕೇ ಬರುತ್ತದೆ.

ಬ್ರೇಡ್ ಮತ್ತು ಲೀಡರ್ ಸೇರಿಸಲು ಎಫ್‌ಜಿ ಗಂಟು ಎಲ್ಲಕ್ಕಿಂತ ತೆಳು ಮತ್ತು ಬಲ. ಬ್ರೇಡನ್ನು ಲೀಡರಿನ ಮೇಲೆ ಅದಲು ಬದಲಾಗಿ 20 ಸಲ ಹೆಣೆದು, ಬಿಗಿದು, ಮೇಲೆ ಅರೆಗಂಟುಗಳನ್ನು ಹಾಕುವುದು. ಬಿಗಿದಾಗ ಬ್ರೇಡಿನ ಬಣ್ಣ ಸ್ವಲ್ಪ ಗಾಢವಾದರೆ ಕಚ್ಚಿತು ಎಂದರ್ಥ, ಇಲ್ಲದಿದ್ದರೆ ಜಾರುತ್ತದೆ. ನೀರಿನಲ್ಲಿ ನಿಂತು, ಗಾಳಿಯಲ್ಲಿ ಇದನ್ನು ಕಟ್ಟುವುದು ಮಾತ್ರ ಪಜೀತಿ. ಅಲ್ಲಿಗೆ ಯುನಿ-ಯುನಿ ಸಾಕು: ಬ್ರೇಡಿನ ಕಡೆ ಎಂಟು ಸುತ್ತು, ಲೀಡರಿನ ಕಡೆ ನಾಲ್ಕು. ಎಳೆಯುವ ಮೊದಲು ಉಗುಳಿನಿಂದ ಒದ್ದೆ ಮಾಡಿ. ಒಣಗಿದ್ದಾಗ ಎಳೆದರೆ ಉಜ್ಜಿದ ಬಿಸಿಗೆ ಫ್ಲೋರೋಕಾರ್ಬನ್ ಸುರುಟಿ, ಅಲ್ಲೇ ಹರಿಯುತ್ತದೆ.

ಲೀಡರ್ ಬೇಕೇ ಬೇಕಾ ಎಂದು ಕೇಳುವವರಿಗೆ: ಬೇಕು. ಫ್ಲೋರೋಕಾರ್ಬನ್ನಿನ ವಕ್ರೀಭವನ ಅಂಕ 1.42, ನೀರಿನದು 1.33, ನೈಲಾನಿನದು ಇನ್ನೂ ಮೇಲೆ. ಕಡಿಮೆ ಕಾಣುತ್ತದೆ ಎನ್ನುವುದು ನಿಜ, ಆದರೆ ಅಳಿವೆಯ ಕದಡಿದ ನೀರಿನಲ್ಲಿ ಆ ಲಾಭ ಅಷ್ಟೇನಿಲ್ಲ. ಅಸಲು ಕೆಲಸ ಉಜ್ಜಾಟ ತಡೆಯುವುದು. 20 ಪೌಂಡಿನ ಲೀಡರ್ 0.40 ಮಿ.ಮೀ. ಆಸುಪಾಸು, 30ರದು ಅರ್ಧ ಮಿ.ಮೀ. ಇರುತ್ತದೆ, ಬಾರಮಂಡಿಯ ಕಿವಿರಿನ ಅಂಚು ಬ್ಲೇಡಿನಷ್ಟು ಹರಿತ, ಅದಕ್ಕೆ ಈ ದಪ್ಪವೇ ಬೇಕು. ಕಾಂಡ್ಲಾ ಪಕ್ಕ 30, ಮರಳಿನಲ್ಲಿ 20. ಅಂಜಲ್, ಬರಾಕುಡಾ ಬರುವ ಕಡೆ ಯಾವ ಲೀಡರೂ ನಿಲ್ಲುವುದಿಲ್ಲ, 15 ಸೆಂ.ಮೀ. ತೆಳು ತಂತಿ ಕಟ್ಟಬೇಕು.

ರೀಲಿಗೆ ಸುತ್ತುವಾಗ ಬ್ರೇಡನ್ನು ನೇರವಾಗಿ ಸ್ಪೂಲಿಗೆ ಕಟ್ಟಿದರೆ ಇಡೀ ದಾರ ಗುಂಡಾಗಿ ಜಾರಿ ತಿರುಗುತ್ತದೆ, ಡ್ರ್ಯಾಗ್ ಕೆಟ್ಟಿತು ಎಂದು ರೀಲನ್ನು ಬಿಚ್ಚುವವರೂ ಇದ್ದಾರೆ. ಮೊದಲು ಐದಾರು ಮೀಟರ್ ತಂಗೂಸಿ ಸುತ್ತಿ, ಅದರ ಮೇಲೆ ಬ್ರೇಡ್. ಒದ್ದೆ ಬಟ್ಟೆಯಲ್ಲಿ ಹಿಡಿದು ಬಿಗಿಯಾಗಿ ಸುತ್ತಿ, ಅಂಚಿಗೆ 2 ಮಿ.ಮೀ. ಬಾಕಿ ಇರುವಾಗ ನಿಲ್ಲಿಸಿ. ತುಂಬಿ ತುಳುಕಿದರೆ ಎಸೆಯುವಾಗ ಒಂದೇ ಸಲ ನಾಲ್ಕೈದು ಸುತ್ತು ಎದ್ದು ಗೈಡಿನಲ್ಲಿ ಗೋಜಲಾಗುತ್ತದೆ. ಎಸೆದ ಮೇಲೆ ಬೇಲನ್ನು (ರೀಲಿನ ಮೇಲೆ ದಾರ ಹಿಡಿಯುವ ತಂತಿಯ ಕಮಾನು) ಹ್ಯಾಂಡಲ್ ತಿರುಗಿಸಿ ಮುಚ್ಚದೆ ಕೈಯಿಂದ ಮುಚ್ಚಿ, ದಾರವನ್ನೊಮ್ಮೆ ಬಿಗಿ ಎಳೆದು ಸುತ್ತಲು ಶುರು ಮಾಡಿ. ಗೋಜಲಿನಲ್ಲಿ ಮುಕ್ಕಾಲು ಪಾಲು ಇಷ್ಟರಿಂದಲೇ ತಪ್ಪುತ್ತದೆ.

ಇದನ್ನೆಲ್ಲ ಅಳಿವೆಯಲ್ಲಿ ಮೊದಲ ಸಲ ಮಾಡುವ ಬದಲು ಹರಿಹರದ ತುಂಗಭದ್ರೆಯಲ್ಲೋ ಹಿರಿಯೂರಿನ ವಾಣಿವಿಲಾಸ ಸಾಗರದ ಕಲ್ಲು ದಂಡೆಯಲ್ಲೋ ಎಸೆದು ನೋಡಿಕೊಳ್ಳಿ. ಗಂಟು ಗೈಡಿನಲ್ಲಿ ತಡೆಯುತ್ತದೆಯೇ, ಕಲ್ಲಿಗೆ ಉಜ್ಜಿದ ಮೇಲೆ ಬ್ರೇಡ್ ಎಷ್ಟು ನಾರೇಳುತ್ತದೆ ಎಂಬುದು ಅಲ್ಲೇ ತಿಳಿಯುತ್ತದೆ. ಕೆರೆ, ಜಲಾಶಯಗಳ ಮೀನು ಹಿಡಿಯುವ ಹಕ್ಕು ಗುತ್ತಿಗೆಗೆ ಹೋಗಿರುವುದುಂಟು, ಕೇಳಿಕೊಂಡು ಹಾಕಿ.

ನೀರಿನಲ್ಲಿ ಲೂರ್ ಸಿಕ್ಕಿಬಿದ್ದರೆ ಬ್ರೇಡನ್ನು ಅಂಗೈಗೆ ಸುತ್ತಿ ಎಳೆಯಬೇಡಿ, 0.23 ಮಿ.ಮೀ. ದಾರ ಚರ್ಮ ಸೀಳಿ ಒಳಗೆ ಹೋಗುತ್ತದೆ. ಒಂದು ಗೇಣು ಉದ್ದದ ಕೋಲು ಜೇಬಿನಲ್ಲಿರಲಿ. ಅದಕ್ಕೆ ಹತ್ತು ಸುತ್ತು ಹಾಕಿ, ರಾಡನ್ನು ದಾರದ ನೇರಕ್ಕೆ ಹಿಡಿದು, ಮುಖ ಪಕ್ಕಕ್ಕೆ ತಿರುಗಿಸಿ, ನಿಧಾನವಾಗಿ ಹಿಂದಕ್ಕೆ ನಡೆಯಿರಿ. ಕಾಲನ್ನು ಎತ್ತಿಡದೆ ಮರಳಿನಲ್ಲಿ ಎಳೆದು ಇಡಿ, ತಳದಲ್ಲಿ ಬಾಲದಲ್ಲಿ ಮುಳ್ಳಿರುವ ತೊರಕೆ ಮೀನು ಮಲಗಿದ್ದರೆ ಎದ್ದು ಹೋಗುತ್ತದೆ. ಲೀಡರಿನ ಬಲ ಬ್ರೇಡಿಗಿಂತ ಕಡಿಮೆಯಿದ್ದರೆ ದಾರ ಲೂರಿನ ಹತ್ತಿರವೇ ಹರಿಯುತ್ತದೆ, 40 ಮೀಟರ್ ಬ್ರೇಡ್ ಕಾಂಡ್ಲಾ ಬೇರಿನಲ್ಲಿ ಉಳಿದು ಹಕ್ಕಿಯ ಕಾಲಿಗೆ ಸುತ್ತುವುದಿಲ್ಲ. 30 ಪೌಂಡಿನ ಲೀಡರ್ ಹಾಕಿದಾಗ ಇದು ತಿರುಗುಮುರುಗಾಗುತ್ತದೆ. ಆಗ ಲೂರ್ ಕಟ್ಟುವ ಗಂಟಿನಲ್ಲಿ ಒಂದು ಸುತ್ತು ಕಡಿಮೆ ಹಾಕಿ ಅಲ್ಲೇ ಹರಿಯುವಂತೆ ಮಾಡಿಕೊಳ್ಳುವವರಿದ್ದಾರೆ, ಒಳ್ಳೆಯ ಉಪಾಯ.

ವಾಪಸು ಬಂದ ಮೇಲೆ ಸ್ಪೂಲನ್ನು ಬಿಚ್ಚಿ ಸಿಹಿನೀರಿನಲ್ಲಿ ಅರ್ಧ ಗಂಟೆ ನೆನೆಸಿ ನೆರಳಿನಲ್ಲಿ ಒಣಗಿಸಿ. ಚಿತ್ರದುರ್ಗದ ಕಡೆ ಬೋರಿನ ನೀರು ಗಡಸು, ಒಣಗಿದರೆ ಬಿಳಿ ಪುಡಿ ಕೂರುತ್ತದೆ, ಕುಡಿಯುವ ನೀರಿನಲ್ಲಿ ಕೊನೆಯ ಸಲ ತೊಳೆದರೆ ಆಯಿತು. ತಂಗೂಸಿ ಸುತ್ತಿದ ರೀಲನ್ನು ಬಿಸಿಲಿಗೆ ನಿಂತ ಕಾರಿನ ಗಾಜಿನ ಕೆಳಗೆ ಬಿಡಬೇಡಿ, ನೈಲಾನನ್ನು ಬಿಸಿಲು ತಿನ್ನುತ್ತದೆ. ಪ್ರತಿ ಋತುವಿಗೆ ಹೊಸದು ಹಾಕುವುದೇ ಕ್ಷೇಮ. ಬ್ರೇಡ್ ವರ್ಷಗಟ್ಟಲೆ ಬಾಳುತ್ತದೆ. ಮೊದಲ ಎರಡು ಮೀಟರ್ ನಾರೆದ್ದಾಗಲೆಲ್ಲ ಕತ್ತರಿಸಿ, ಒಂದು ಋತು ಮುಗಿದ ಮೇಲೆ ಇನ್ನೊಂದು ಸ್ಪೂಲಿಗೆ ಸುತ್ತಿ ತಿರುಗಿಸಿ ಹಾಕಿದರೆ ಬಳಸದೆ ಉಳಿದಿದ್ದ ಒಳಗಿನ ಅರ್ಧ ಮೇಲೆ ಬರುತ್ತದೆ. 100 ಮೀಟರಿಗಿಂತ ಕಡಿಮೆ ಉಳಿದಾಗ ಅದನ್ನು ಕೆರೆಯ ರೀಲಿಗೆ ಇಳಿಸಿ, ಅಳಿವೆಗೆ ಹೊಸ 150 ಮೀಟರ್ ಕೊಳ್ಳಿ.